ಸದ್ದಡಗಿಸುವ ಪೆಟ್ಟಿಗೆ: ಒಂದು ತಕರಾರು

ಸಣ್ಣ ಸ್ಕೂಬಾ ಕಂಪ್ರೆಸರಿನ ಸದ್ದಿಗೆ ಮದ್ದೇನೆಂದು ಈ ಕಸುಬಿನವರಲ್ಲಿ ಯಾರನ್ನೇ ಕೇಳಿ, ‘ಪೆಟ್ಟಿಗೆ ಕಟ್ಟಿಸಿ’ ಎನ್ನುತ್ತಾರೆ. 18 ಮಿಲಿಮೀಟರ್ ಪ್ಲೈವುಡ್ಡು, ಒಳಮೈಗೆಲ್ಲ ಉಬ್ಬುತಗ್ಗಿನ ಕಪ್ಪು ಫೋಮು, ಬಾಗಿಲ ಅಂಚಿಗೆ ರಬ್ಬರ್ ಪಟ್ಟಿ, ಹಿಂಬದಿಗೆ ಒಂದೆರಡು ಸಣ್ಣ ಫ್ಯಾನು. ಕಟ್ಟಿ ಮುಗಿಸಿದವರು ಬಾಗಿಲು ತೆರೆದು ಮುಚ್ಚಿ ತೋರಿಸುತ್ತಾರೆ. ತೆರೆದಾಗ ಗಡಗಡ, ಮುಚ್ಚಿದಾಗ ಗುಂಯ್. ನೋಡಿದವರು ತಲೆದೂಗುತ್ತಾರೆ. ಇಷ್ಟೇ ಪ್ರದರ್ಶನದ ಬಲದ ಮೇಲೆ ಪೆಟ್ಟಿಗೆ ಗಳಿಸಿಕೊಂಡಿರುವ ಕೀರ್ತಿ ಅದರ ಯೋಗ್ಯತೆಗೆ ಮೀರಿದ್ದು ಎಂಬುದು ನನ್ನ ತಕರಾರು. ಯಂತ್ರವನ್ನು ಯಾವುದರಿಂದ ತಿರುಗಿಸುತ್ತೀರಿ, ಎಷ್ಟು ವೇಗದಲ್ಲಿ, ಎಲ್ಲಿಟ್ಟು ಎಂದು ನಿರ್ಧರಿಸುವ ಹೊತ್ತಿಗೇ ಸದ್ದಿನ ವ್ಯಾಜ್ಯ ಬಹುಪಾಲು ತೀರಿಹೋಗಿರುತ್ತದೆ. ಆಮೇಲೆ ಬರುವ ಪೆಟ್ಟಿಗೆ ಅಳಿದುಳಿದದ್ದನ್ನು ಮುಚ್ಚುತ್ತದೆ, ಜೊತೆಗೆ ಮುಚ್ಚಬಾರದ್ದನ್ನೂ ಮುಚ್ಚುತ್ತದೆ.

ನಾನು ಹೇಳುತ್ತಿರುವುದು ಬಾವರ್ ಜೂನಿಯರ್, ಕೋಲ್ಟ್ರಿ ಎಂಸಿಎಚ್-6 ಜಾತಿಯ ಯಂತ್ರಗಳ ವಿಷಯ. ಇಬ್ಬರು ಎತ್ತಬಹುದಾದ ಭಾರ, ನಿಮಿಷಕ್ಕೆ 80ರಿಂದ 100 ಲೀಟರ್ ಗಾಳಿ, ಕರೆಂಟಿನದಾದರೆ 2.2 ಕಿಲೋವ್ಯಾಟಿನ, ಅಂದರೆ 3 ಎಚ್‌ಪಿಯ ಮೋಟರು, ಇಲ್ಲದಿದ್ದರೆ ಸಣ್ಣದೊಂದು ಪೆಟ್ರೋಲ್ ಎಂಜಿನ್. ನಮ್ಮಲ್ಲಿ ಸ್ಕೂಬಾ ಎಂದರೆ ಮುಖ್ಯವಾಗಿ ಮುರುಡೇಶ್ವರ, ಮತ್ತು ಅಲ್ಲಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿ ದ್ವೀಪ. ಬೆಳಿಗ್ಗೆ ದೋಣಿ ಹೊರಡಬೇಕಾದರೆ ಹಿಂದಿನ ದಿನವೇ ಸಿಲಿಂಡರುಗಳು ತುಂಬಿರಬೇಕು. ರೂಢಿಯ ಅಲ್ಯೂಮಿನಿಯಂ ಸಿಲಿಂಡರಿನ ಒಳಗಾತ್ರ 11.1 ಲೀಟರ್, ತುಂಬುವ ಒತ್ತಡ 207 ಬಾರ್. 50 ಬಾರ್ ಉಳಿಸಿಕೊಂಡು ಮೇಲೆ ಬಂದ ಸಿಲಿಂಡರನ್ನು ಮತ್ತೆ ತುಂಬಲು 100 ಲೀಟರಿನ ಯಂತ್ರಕ್ಕೆ 17 ನಿಮಿಷ ಬೇಕು. ಹತ್ತು ಸಿಲಿಂಡರಿಗೆ ಹತ್ತಿರಹತ್ತಿರ 3 ಗಂಟೆ. ಸಂಜೆ 7ಕ್ಕೆ ಶುರುಮಾಡಿದರೆ ರಾತ್ರಿ 10 ಆಗುತ್ತದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ 10 ಗಂಟೆಯ ನಂತರ ರಾತ್ರಿಯ ಲೆಕ್ಕ. ವಸತಿ ಪ್ರದೇಶದಲ್ಲಿ ಹಗಲಿಗೆ 55 ಡೆಸಿಬೆಲ್, ರಾತ್ರಿಗೆ 45. ಪಕ್ಕದ ಲಾಡ್ಜಿನವರು ಮುಖ ಸಿಂಡರಿಸುವುದು, ಹಿಂದಿನ ಮನೆಯವರು ಬಂದು ಜಗಳ ತೆಗೆಯುವುದು ಸಹಜವೇ. ಪೆಟ್ಟಿಗೆಯ ಆಸೆ ಹುಟ್ಟುವುದು ಇಲ್ಲಿ, ಆ ಆಸೆಯನ್ನು ನಾನು ಆಕ್ಷೇಪಿಸುತ್ತಿಲ್ಲ.

ಎಡವಟ್ಟಾಗುವುದು ಬಿಸಿಯ ಲೆಕ್ಕದಲ್ಲಿ. ಇದನ್ನು ಸಾವಧಾನವಾಗಿ ಬಿಡಿಸಬೇಕು, ಏಕೆಂದರೆ ಪೆಟ್ಟಿಗೆಯ ಪರ ಬರೆಯುವವರು ಇದನ್ನು ಒಂದೇ ಸಾಲಿನಲ್ಲಿ, ‘ಗಾಳಿಯಾಡಲು ವ್ಯವಸ್ಥೆ ಇರಲಿ’ ಎಂದು ದಾಟಿಬಿಡುತ್ತಾರೆ. ನಿಮಿಷಕ್ಕೆ 100 ಲೀಟರ್ ಗಾಳಿಯನ್ನು ತಾಪ ಏರಗೊಡದೆ 207 ಬಾರಿಗೆ ಒತ್ತುವುದಾದರೆ ಪುಸ್ತಕದ ಲೆಕ್ಕಕ್ಕೆ 900 ವ್ಯಾಟ್ ಸಾಕು. ಯಂತ್ರ ತಿನ್ನುವುದು 2200. ಹಾಗಿದ್ದರೆ ಪೋಲಾದ 1300 ವ್ಯಾಟ್ ಬಿಸಿಯಾಗಿ ಹೋಗುತ್ತದೆ, ಮಿಕ್ಕದ್ದು ಒತ್ತಿದ ಗಾಳಿಯೊಳಗೆ ಕೂಡಿಕೊಂಡಿರುತ್ತದೆ ಎಂದು ಅನ್ನಿಸುವುದು ಸಹಜ. ಆದರೆ ಗಾಳಿಯ ಒಳಶಕ್ತಿ ನಿಂತಿರುವುದು ಹೆಚ್ಚುಕಡಿಮೆ ಅದರ ತಾಪದ ಮೇಲೆ ಮಾತ್ರ. ಒತ್ತಿ, ಮರಳಿ ಕೋಣೆಯ ತಾಪಕ್ಕೆ ತಣಿಸಿದ ಗಾಳಿಯಲ್ಲಿ ಹೊಸದಾಗಿ ಸೇರಿದ ಶಕ್ತಿ ಲೆಕ್ಕಕ್ಕೆ ಸಿಗುವಷ್ಟಿರುವುದಿಲ್ಲ. ಯಂತ್ರದ ದಂಡಕ್ಕೆ ಹೋದ 2200 ವ್ಯಾಟಿನಲ್ಲಿ ಬಹುತೇಕ ಎಲ್ಲವೂ ಗಾಳಿ ಒತ್ತುವ ಬ್ಲಾಕಿನ ರೆಕ್ಕೆಗಳಿಂದ, ತಣಿಸುವ ಕೊಳವೆಗಳಿಂದ ಬಿಸಿಯಾಗಿಯೇ ಹೊರಬರುತ್ತದೆ. ಮೋಟರಿನ ಸ್ವಂತ ಬಿಸಿ ಅದರ ಮೇಲಿನದು. ಅಂಗಡಿಯಲ್ಲಿ ಸಿಗುವ ದೊಡ್ಡ ರೂಮ್ ಹೀಟರಿನ ಶಕ್ತಿ 2000 ವ್ಯಾಟ್. ಅಂಥದೊಂದನ್ನು ಫೋಮು ಹೊದಿಸಿದ ಪೆಟ್ಟಿಗೆಯಲ್ಲಿ ಮೂರು ಗಂಟೆ ಉರಿಸುವ ಧೈರ್ಯ ಯಾರಿಗಿದೆ? ಫೋಮು ಸದ್ದನ್ನು ಎಷ್ಟು ತಡೆಯುತ್ತದೋ ಗೊತ್ತಿಲ್ಲದವರಿಗೂ ಅದು ಬಿಸಿಯನ್ನು ಚೆನ್ನಾಗಿ ತಡೆಯುತ್ತದೆ ಎಂಬುದು ಗೊತ್ತಿರಬೇಕಿತ್ತು.

ಈ ಬಿಸಿಯನ್ನು ಹೊರಹಾಕಲು ಎಷ್ಟು ಗಾಳಿ ಬೇಕು? ಪೆಟ್ಟಿಗೆಯ ಒಳಗು ಹೊರಗಿಗಿಂತ 10 ಡಿಗ್ರಿಯಷ್ಟೇ ಹೆಚ್ಚಿರಲಿ ಎಂದುಕೊಂಡರೆ ಗಂಟೆಗೆ ಸುಮಾರು 670 ಘನಮೀಟರ್. ಕಂಪ್ಯೂಟರಿನ 120 ಮಿಲಿಮೀಟರ್ ಫ್ಯಾನು, ಅಡ್ಡಿಯೇನೂ ಇಲ್ಲದಿದ್ದಾಗ, ಗಂಟೆಗೆ ನೂರು ಘನಮೀಟರಿನ ಆಸುಪಾಸು ತಳ್ಳುತ್ತದೆ. ಎರಡು ಹಾಕಿದರೂ ಮೂರರಲ್ಲೊಂದು ಪಾಲು ಮುಟ್ಟುವುದಿಲ್ಲ. ಇರಲಿ, ದೊಡ್ಡ ಫ್ಯಾನನ್ನೇ ಹಾಕಿದಿರಿ. ಅಷ್ಟು ಗಾಳಿ ಸೆಕೆಂಡಿಗೆ 2 ಮೀಟರ್ ವೇಗದಲ್ಲಿ, ಅಂದರೆ ಫ್ಯಾನೇ ಹೊಸ ಸದ್ದಾಗದಂತೆ, ಹಾಯಬೇಕಾದರೆ ಒಳಬರಲು 930 ಚದರ ಸೆಂಟಿಮೀಟರ್, ಹೊರಹೋಗಲು ಅಷ್ಟೇ ತೂತು ಬೇಕು. ಒಂದು ಮೀಟರ್ ಉದ್ದ, ಎಂಬತ್ತು ಸೆಂಟಿಮೀಟರ್ ಅಗಲ ಎತ್ತರದ ಪೆಟ್ಟಿಗೆಯ ಹೊರಮೈ, ತಳ ಬಿಟ್ಟು, 3.7 ಚದರ ಮೀಟರ್ ಆಸುಪಾಸು. ಎರಡೂ ತೂತು ಸೇರಿ ಅದರ ಶೇಕಡಾ 5. ಶಬ್ದಶಾಸ್ತ್ರ ಇಲ್ಲಿ ತುಂಬ ಕಟುವಾಗಿದೆ: ಮೈಯ ನೂರರಲ್ಲಿ ಐದು ಪಾಲು ಬರಿದೆ ತೆರೆದಿದ್ದರೆ, ಉಳಿದ ತೊಂಬತ್ತೈದನ್ನು ಉಕ್ಕಿನಿಂದಲೇ ಮಾಡಿ, ಪೆಟ್ಟಿಗೆ 13 ಡೆಸಿಬೆಲ್ಲಿಗಿಂತ ಹೆಚ್ಚು ತಡೆಯಲಾರದು. ತೂತನ್ನು ಮುಚ್ಚಿದರೆ ಯಂತ್ರ ಬೇಯುತ್ತದೆ, ತೆರೆದರೆ ಸದ್ದು ಹೊರಟುಹೋಗುತ್ತದೆ. ಪೆಟ್ಟಿಗೆಯ ನಿಜವಾದ ಕಲೆ ಇರುವುದು ಈ ಇಕ್ಕಟ್ಟನ್ನು ಬಿಡಿಸುವುದರಲ್ಲಿ: ಗಾಳಿಯ ದಾರಿಗೆ ಒಳಮೈ ಹೊದಿಸಿದ, ಎರಡು ಬಾರಿಯಾದರೂ ತಿರುಗಿ ಬರುವ ಉದ್ದನೆಯ ಸುರಂಗ, ಮತ್ತು ಬ್ಲಾಕಿನ ಫ್ಯಾನು ತಾನೇ ಉಗುಳಿದ ಬಿಸಿಯನ್ನು ಮತ್ತೆ ಎಳೆದುಕೊಳ್ಳದಂತೆ ನಡುವೆ ಅಡ್ಡಗೋಡೆ. ನಾನು ನೋಡಿದ ಮನೆಕಟ್ಟಿನ ಪೆಟ್ಟಿಗೆಗಳಲ್ಲಿ ಈ ಅಡ್ಡಗೋಡೆ ಇದ್ದದ್ದು ಬಹಳ ಅಪರೂಪ. ಫೋಮನ್ನು ಮಾತ್ರ ಎಲ್ಲರೂ ಅಚ್ಚುಕಟ್ಟಾಗಿ ಅಂಟಿಸಿರುತ್ತಾರೆ.

ಸ್ವಲ್ಪ ಬಿಸಿಯಾದರೆ ಆಗಲಿ, ಯಂತ್ರ ತಡೆದುಕೊಳ್ಳುತ್ತದೆ ಎಂಬ ವಾದ ಉಂಟು. ಯಂತ್ರದ ಚಿಂತೆ ನನ್ನದಲ್ಲ. ಆ ಗಾಳಿಯನ್ನು ಉಸಿರಾಡುವವರ ಚಿಂತೆ. 207 ಬಾರನ್ನು ಮೂರು ಹಂತದಲ್ಲಿ ಹಂಚಿದರೆ ಪ್ರತಿ ಹಂತಕ್ಕೂ ಸುಮಾರು ಆರು ಪಟ್ಟು ಒತ್ತಡ. 27 ಡಿಗ್ರಿಯಲ್ಲಿ ಒಳಬಂದ ಗಾಳಿ, ತಣಿಯಲು ಸಂದರ್ಭವೇ ಸಿಗಲಿಲ್ಲ ಎಂದುಕೊಂಡರೆ, ಒಂದು ಹಂತ ದಾಟುವಷ್ಟರಲ್ಲಿ 226 ಡಿಗ್ರಿಗೆ ಏರುತ್ತದೆ. ಒಳಬರುವ ಗಾಳಿ 10 ಡಿಗ್ರಿ ಹೆಚ್ಚಾದರೆ ಹೊರಡುವುದು 16–17 ಡಿಗ್ರಿ ಹೆಚ್ಚಾಗುತ್ತದೆ. ನಡುವಣ ತಣಿಸುವ ಕೊಳವೆಗಳೂ ಅದೇ ಬಿಸಿಗಾಳಿಯಲ್ಲಿ ನಿಂತಿರುವುದರಿಂದ ಮುಂದಿನ ಹಂತ ಇನ್ನಷ್ಟು ಬಿಸಿಯಿಂದ ಶುರುವಾಗುತ್ತದೆ. ಹದ ಮೀರಿ ಕಾದ ಎಣ್ಣೆ ಕವಾಟದ ಬಳಿ ಸುಟ್ಟು ಕರಿ ಕಟ್ಟುತ್ತದೆ, ಸುಡುವಾಗ ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ. ಹತ್ತಿರದಲ್ಲಿ ಯಾವ ಪೆಟ್ರೋಲ್ ಎಂಜಿನ್ನೂ ಇಲ್ಲದ, ಬರೀ ಕರೆಂಟಿನಲ್ಲಿ ಓಡುವ ಕಂಪ್ರೆಸರೂ ಈ ವಿಷವನ್ನು ತನ್ನೊಳಗೇ ತಯಾರಿಸಿಕೊಳ್ಳಬಲ್ಲದು ಎಂಬುದನ್ನು ಅನೇಕರು ನಂಬುವುದೇ ಇಲ್ಲ.

ಫಿಲ್ಟರ್ ಇದೆಯಲ್ಲ ಎನ್ನುತ್ತೀರಿ. ಇದೆ. ಆದರೆ ಅದೇ ಬಿಸಿ ಫಿಲ್ಟರನ್ನೂ ಕೆಡಿಸುತ್ತದೆ, ಮತ್ತು ಸರಿಯಾಗಿ ಬೇಕಾದ ಹೊತ್ತಿಗೆ ಕೆಡಿಸುತ್ತದೆ. ಕೊನೆಯ ತಣಿಸುವ ಕೊಳವೆ ದಾಟಿ ನೀರು ಬೇರ್ಪಡುವ ಜಾಗದಲ್ಲಿ ಗಾಳಿ 40 ಡಿಗ್ರಿಯಲ್ಲಿದ್ದರೆ ಅಲ್ಲಿನ ಪ್ರತಿ ಘನಮೀಟರ್ ಜಾಗ 51 ಗ್ರಾಂ ನೀರಾವಿ ಹೊತ್ತಿರುತ್ತದೆ. 55 ಡಿಗ್ರಿಯಾದರೆ 104 ಗ್ರಾಂ. ಹದಿನೈದು ಡಿಗ್ರಿಗೆ ಹೊರೆ ಎರಡರಷ್ಟು. ಫಿಲ್ಟರಿನೊಳಗಿನ ಮಾಲಿಕ್ಯುಲರ್ ಸೀವ್ ಹರಳುಗಳು ಈ ನೀರನ್ನು ಹೀರಿಕೊಳ್ಳಬೇಕು, ಅರ್ಧ ಆಯುಷ್ಯಕ್ಕೇ ಅವು ತುಂಬಿಹೋಗುತ್ತವೆ. ಅವುಗಳ ಮುಂದೆ, ಇದ್ದರೆ, ಹಾಪ್‌ಕಲೈಟ್ ಎಂಬ ಮ್ಯಾಂಗನೀಸ್–ತಾಮ್ರದ ಆಕ್ಸೈಡುಗಳ ಮಿಶ್ರಣ ಇರುತ್ತದೆ. ಕಾರ್ಬನ್ ಮೊನಾಕ್ಸೈಡನ್ನು ಕಾರ್ಬನ್ ಡೈಆಕ್ಸೈಡಾಗಿ ಮಾರ್ಪಡಿಸುವುದು ಅದರ ಕೆಲಸ. ಒದ್ದೆಯಾದರೆ ಹಾಪ್‌ಕಲೈಟ್ ಕೆಲಸ ನಿಲ್ಲಿಸುತ್ತದೆ. ಈಗ ಸರಪಳಿಯನ್ನು ಜೋಡಿಸಿ ನೋಡಿ: ಪೆಟ್ಟಿಗೆಯಿಂದ ಬಿಸಿ, ಬಿಸಿಯಿಂದ ಒಂದು ಕಡೆ ಎಣ್ಣೆ ಸುಟ್ಟು ವಿಷ, ಇನ್ನೊಂದು ಕಡೆ ನೀರು ಹೆಚ್ಚಿ ವಿಷಹಾರಿಯ ಸಾವು. ಎರಡೂ ಒಂದೇ ಸಂಜೆ, ಒಂದೇ ಕಾರಣಕ್ಕೆ. ಉಸಿರಾಟದ ಗಾಳಿಗೆ ಯುರೋಪಿನ ಇಎನ್ 12021 ಮಾನದಂಡ ಒಪ್ಪುವ ಕಾರ್ಬನ್ ಮೊನಾಕ್ಸೈಡ್ ಹತ್ತು ಲಕ್ಷಕ್ಕೆ 5 ಪಾಲು. 30 ಮೀಟರ್ ಆಳದಲ್ಲಿ ಒತ್ತಡ ನಾಲ್ಕು ಪಟ್ಟಾಗಿರುವುದರಿಂದ ಸಿಲಿಂಡರಿನಲ್ಲಿ 20 ಪಾಲು ಇದ್ದರೆ ದೇಹಕ್ಕೆ ಅದು ನೆಲದ ಮೇಲಿನ 80 ಪಾಲಿಗೆ ಸಮ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಲಾಡ್ಜಿನವರ ನಿದ್ದೆಗಾಗಿ ತೆರುವ ಬೆಲೆ ಇದಾದರೆ ನನಗೆ ಒಪ್ಪಿಗೆಯಿಲ್ಲ.

ಕಾರ್ಖಾನೆಯವರೇ ಸದ್ದಡಗಿಸುವ ಕವಚ ಹಾಕಿ ಮಾರುವುದಿಲ್ಲವೇ ಎಂದು ಕೇಳಬಹುದು. ಬಾವರ್, ಕೋಲ್ಟ್ರಿ ಇಬ್ಬರೂ ಮಾರುತ್ತಾರೆ, ಒಳ್ಳೆಯವೇ. ಅವುಗಳ ಬೆಲೆಯ ಬಹುಪಾಲು ಹೋಗುವುದು ಗಾಳಿಯ ದಾರಿಗೆ. ತಗಡು, ಫೋಮು ಅದರಲ್ಲಿ ಅಗ್ಗದ ಭಾಗ. ನಮ್ಮವರು ನಕಲು ಮಾಡಿದ್ದು ಆ ಅಗ್ಗದ ಭಾಗವನ್ನು.

ಇನ್ನು ಡೆಸಿಬೆಲ್ ಪಂಡಿತರ ವಿಚಾರ. ಪೆಟ್ಟಿಗೆಯ ಕೀರ್ತಿಯನ್ನು ಊರೂರಿಗೆ ಹಬ್ಬಿಸಿದವರು ಇವರೇ ಆದ್ದರಿಂದ ಇವರನ್ನು ಹಾಗೆಯೇ ಬಿಡುವಂತಿಲ್ಲ. ಇವರ ವಿಧಾನ ಸರಳ: ಫೋನಿನಲ್ಲೊಂದು ಆ್ಯಪ್, ಪೆಟ್ಟಿಗೆಯಿಂದ ಒಂದು ಮೀಟರ್ ದೂರ, ಬಾಗಿಲು ತೆರೆದಾಗ ಇಷ್ಟು, ಮುಚ್ಚಿದಾಗ ಇಷ್ಟು, ವ್ಯತ್ಯಾಸವೇ ತೀರ್ಪು. ಈ ಆ್ಯಪುಗಳು, ಅಷ್ಟೇಕೆ ನಮ್ಮ ಸರ್ಕಾರದ ನಿಯಮವೂ, ಬಳಸುವ ಅಳತೆ ಡಿಬಿಎ. 1933ರಲ್ಲಿ ಫ್ಲೆಚರ್ ಮತ್ತು ಮನ್ಸನ್ ಪ್ರಕಟಿಸಿದ ಶ್ರವಣರೇಖೆಗಳಲ್ಲಿ ಮೆಲುದನಿಗೆ ಸಂಬಂಧಿಸಿದ ಒಂದನ್ನು ಹಿಡಿದು ಮಾಡಿಕೊಂಡ ಲೆಕ್ಕ ಅದು; ತಗ್ಗು ಸ್ವರಗಳಿಗೆ ನಮ್ಮ ಕಿವಿ ಮಂದವೆಂದು ಅವನ್ನು ಕಳೆದುಬಿಡುತ್ತದೆ. 40 ಹರ್ಟ್ಸಿನಲ್ಲಿ ಹೀಗೆ ಕಳೆಯುವುದು ಹತ್ತಿರಹತ್ತಿರ 35 ಡೆಸಿಬೆಲ್. ನಿಮಿಷಕ್ಕೆ 2300 ಸುತ್ತು ತಿರುಗುವ ಕಂಪ್ರೆಸರು ಗಾಳಿಯನ್ನು ಗುಟುಕರಿಸುವುದು ಸೆಕೆಂಡಿಗೆ 38 ಸಲ. ಅಂದರೆ ಯಂತ್ರದ ಮೂಲ ಸದ್ದನ್ನೇ ಈ ಅಳತೆ ಕೇಳಿಸಿಕೊಳ್ಳುವುದಿಲ್ಲ. ಫೋಮೂ ಕೇಳಿಸಿಕೊಳ್ಳುವುದಿಲ್ಲ. 38 ಹರ್ಟ್ಸಿನ ಅಲೆಯ ಉದ್ದ 9 ಮೀಟರ್. ಹೀರುವ ಪದರ ಅಲೆಯ ಕಾಲು ಭಾಗದಷ್ಟಾದರೂ ದಪ್ಪವಿದ್ದಾಗ ಚೆನ್ನಾಗಿ ಕೆಲಸ ಮಾಡುತ್ತದೆ. ಎರಡೂಕಾಲು ಮೀಟರ್ ದಪ್ಪದ ಫೋಮನ್ನು ಯಾರೂ ಅಂಟಿಸಿದ್ದು ನಾನು ಕಂಡಿಲ್ಲ. ಐದು ಸೆಂಟಿಮೀಟರ್ ಫೋಮು ಪಳಗಿಸುವುದು 1700 ಹರ್ಟ್ಸಿನ ಆಚೆಗಿನ ಕಟಕಟವನ್ನು, ಸುಯ್ಯನ್ನು. ಆ್ಯಪು ಹೆಚ್ಚು ಕೇಳುವುದೂ ಅದನ್ನೇ. ಹೀಗೆ ಔಷಧ, ಪರೀಕ್ಷೆ ಎರಡಕ್ಕೂ ಒಂದೇ ಕಿವುಡು, ಆದ್ದರಿಂದ ಫಲಿತಾಂಶ ಯಾವಾಗಲೂ ಉತ್ತಮ. ಗೋಡೆಯಾಚೆ ಮಲಗಿದವನಿಗೆ ಮಾತ್ರ ಗುಂಯ್‌ಗುಡುವಿಕೆ ಮುಂಚಿನಷ್ಟೇ ಇರುತ್ತದೆ, ಏಕೆಂದರೆ ಗೋಡೆ ತಡೆಯುವುದೂ ಎತ್ತರದ ಸ್ವರಗಳನ್ನು, ದಾಟಬಿಡುವುದು ತಗ್ಗಿನವನ್ನು. ಅವನು ದೂರು ಹೇಳಿದರೆ ಪಂಡಿತರು ಫೋನು ಚಾಚಿ ಅಂಕಿ ತೋರಿಸುತ್ತಾರೆ.

ಇದಕ್ಕೆ ವಿರುದ್ಧದ ಪಂಥವೂ ಇದೆ. ‘ಕಂಪ್ರೆಸರೆಂದ ಮೇಲೆ ಸದ್ದು ಇದ್ದೇ ಇರುತ್ತದೆ, ಕಿವಿಗೆ ಮಫ್ ಹಾಕಿಕೊಳ್ಳಿ’ ಎನ್ನುವವರದು. ಸೋಮಾರಿತನಕ್ಕೆ ವೇದಾಂತದ ವೇಷ ಎಂದು ತಳ್ಳಿಹಾಕಬಹುದಿತ್ತು, ಆದರೆ ಅವರಲ್ಲಿ ಹಳಬರೊಂದು ಮಾತು ಹೇಳುತ್ತಾರೆ, ಅದು ಪಂಡಿತರ ಎಲ್ಲ ಅಂಕಿಗಳಿಗಿಂತ ಬೆಲೆಯುಳ್ಳದ್ದು: ತುಂಬಿಸುವವನಿಗೆ ಯಂತ್ರದ ದನಿ ಕೇಳುತ್ತಿರಬೇಕು. ಸೇಫ್ಟಿ ವಾಲ್ವ್ ಎದ್ದ ಸುಯ್, ಕರಿ ಕಟ್ಟಿದ ಕವಾಟದ ತಾಳತಪ್ಪಿದ ಬಡಿತ, ಸಡಿಲಾದ ಬೆಲ್ಟಿನ ಕಿರುಚಾಟ, ಇವೆಲ್ಲ ಮೀಟರುಗಳು ಹೇಳುವುದಕ್ಕೆ ಮುಂಚೆ ಕಿವಿಗೆ ಗೊತ್ತಾಗುತ್ತವೆ. ಪೆಟ್ಟಿಗೆ ಮೊದಲು ನುಂಗುವುದು ಈ ಸೂಕ್ಷ್ಮಗಳನ್ನೇ.

ಚಾಲಕಶಕ್ತಿಗೆ ಬರೋಣ. ಪೆಟ್ರೋಲಿನ ಕಡೆಯವರ ವಾದ ನಮಗೆಲ್ಲ ಗೊತ್ತಿರುವುದೇ: ಕರೆಂಟನ್ನು ನಂಬುವಂತಿಲ್ಲ, ಪೆಟ್ರೋಲಾದರೆ ಎಲ್ಲಿ ಬೇಕಾದರೂ ಒಯ್ಯಬಹುದು. ಜನವಸತಿಯಿಲ್ಲದ ಕಡಲತೀರದಲ್ಲಿ, ದೋಣಿಯ ಮೇಲೆ ಈ ಮಾತು ನಿಜ, ಅಲ್ಲಿ ನಾನೂ ಪೆಟ್ರೋಲನ್ನೇ ಆರಿಸುತ್ತೇನೆ. ಊರೊಳಗಿನ ಅಂಗಡಿಯಲ್ಲಿ ಅದಕ್ಕೆ ಸಮರ್ಥನೆಯಿಲ್ಲ. ಹೋಂಡಾ ಜಿಎಕ್ಸ್160 ಥರದ ಎಂಜಿನ್ ನಿಮಿಷಕ್ಕೆ 3600 ಸುತ್ತಿನಲ್ಲಿ ಓಡುವಾಗ ಸೆಕೆಂಡಿಗೆ 30 ಸ್ಫೋಟ. ದೊಡ್ಡ ಸೈಲೆನ್ಸರ್ ಹಾಕಿದರೆ ಹೊಗೆಕೊಳವೆಯ ಸದ್ದು ತಗ್ಗೀತು, ಎಂಜಿನ್ ಮೈಯ ಸದ್ದು ತಗ್ಗದು. ಸದ್ದಿಗಿಂತ ಹೊಗೆಯ ಕತೆ ಕೆಟ್ಟದ್ದು. ಸಣ್ಣ ಕಾರ್ಬುರೇಟರ್ ಎಂಜಿನ್ನಿನ ಹೊಗೆಯಲ್ಲಿ ನೂರಕ್ಕೆ 3 ಪಾಲು ಕಾರ್ಬನ್ ಮೊನಾಕ್ಸೈಡ್ ಇದೆ ಎಂದಿಟ್ಟುಕೊಳ್ಳಿ: ಆರು ಸಾವಿರ ಪಾಲು ತಾಜಾ ಗಾಳಿಗೆ ಒಂದು ಪಾಲು ಹೊಗೆ ಬೆರೆತರೆ ಸಾಕು, ಮಿತಿ ಮುಟ್ಟಿತು. ಗಾಳಿ ಎಳೆಯುವ ಪೈಪನ್ನು ಗಾಳಿ ಬೀಸಿ ಬರುವ ದಿಕ್ಕಿಗೆ, ಎತ್ತರದಲ್ಲಿ, ದೂರಕ್ಕೆ ಇಡಿ ಎಂದು ಎಲ್ಲ ಕೈಪಿಡಿಗಳೂ ಹೇಳುತ್ತವೆ. ನಮ್ಮ ಕರಾವಳಿಯಲ್ಲಿ ಇದರ ಅರ್ಥವೇನು? ಮಧ್ಯಾಹ್ನವೆಲ್ಲ ಪಡುಗಾಳಿ, ಕಡಲಿನಿಂದ ನೆಲಕ್ಕೆ. ಕತ್ತಲಾದ ಮೇಲೆ ಅದು ಸತ್ತು, ರಾತ್ರಿಗೆ ನೆಲದಿಂದ ಕಡಲಿಗೆ ತಿರುಗುತ್ತದೆ. ನಾಲ್ಕು ಗಂಟೆಗೆ ಪಡುವಣಕ್ಕೆ ಚಾಚಿಟ್ಟ ಪೈಪು ಒಂಬತ್ತು ಗಂಟೆಗೆ ಎಂಜಿನ್ನಿನ ಹೊಗೆಯ ದಾರಿಯಲ್ಲಿ ಬಿದ್ದಿರುತ್ತದೆ. ಮೀನುಗಾರರ ಮನೆಯ ಮಕ್ಕಳಿಗೂ ತಿಳಿದಿರುವ ಸಂಗತಿ ಇದು. ಇಂಥ ಎಂಜಿನ್ನನ್ನು ಕಂಪ್ರೆಸರಿನ ಜೊತೆ ಒಂದೇ ಪೆಟ್ಟಿಗೆಗೆ ಹಾಕುವವರ ಬಗ್ಗೆ ನಾನು ಬರೆಯದಿರುವುದೇ ಲೇಸು.

ಆದ್ದರಿಂದ ಕರೆಂಟು. ಉತ್ತರ ಕನ್ನಡದ ಹಳ್ಳಿಯ ಸಿಂಗಲ್ ಫೇಸ್ ಲೈನಿಗೆ 3 ಎಚ್‌ಪಿ ಮೋಟರನ್ನು ನೇರ ಕೊಟ್ಟರೆ ಹೊರಡುವ ಕ್ಷಣ ಅದು ಎಂದಿನ ಐದಾರು ಪಟ್ಟು ಕರೆಂಟು ಎಳೆಯುತ್ತದೆ, ಬೀದಿಯ ದೀಪಗಳೆಲ್ಲ ಕಣ್ಣು ಮಿಟುಕಿಸುತ್ತವೆ. ಮೋಟರಿನ ತಿರುಚುಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ: 230 ಇರಬೇಕಾದಲ್ಲಿ 180 ಇದ್ದರೆ ಬಲ ನೂರಕ್ಕೆ 61. ಡ್ರೈನ್ ವಾಲ್ವ್ ತೆರೆದಿಟ್ಟು, ಹೊರೆಯಿಲ್ಲದೆ ಹೊರಡಿಸುವುದು ಹಳೆಯ ಉಪಾಯ. ಅದಕ್ಕಿಂತ ಒಳ್ಳೆಯದು ವೇರಿಯಬಲ್ ಫ್ರೀಕ್ವೆನ್ಸಿ ಡ್ರೈವ್, ಅಂದರೆ ವಿಎಫ್‌ಡಿ. ಸಿಂಗಲ್ ಫೇಸನ್ನು ಒಳಗೆ ಪಡೆದು 230 ವೋಲ್ಟಿನ ತ್ರೀ ಫೇಸನ್ನು ಕೊಡುತ್ತದೆ. ಮೋಟರಿನ ಆರೂ ತುದಿಗಳು ಹೊರಗಿದ್ದು, ಆ ವೋಲ್ಟೇಜಿಗೆ ಡೆಲ್ಟಾ ಜೋಡಣೆ ಮಾಡುವಂತಿದ್ದರೆ ಸಾಕು. ಮೋಟರು ಮೆಲ್ಲನೆ ಹೊರಡುತ್ತದೆ, ಎಳೆತ ಮಿತಿಯಲ್ಲಿರುತ್ತದೆ, ಮತ್ತು, ನನ್ನ ಮಟ್ಟಿಗೆ ಇದು ಮುಖ್ಯ, ವೇಗ ನಿಮ್ಮ ಕೈಯಲ್ಲಿರುತ್ತದೆ. ಫ್ಯಾನಿನ ಸದ್ದು ವೇಗದೊಂದಿಗೆ ಕಡಿದಾಗಿ ಏರುವಂಥದ್ದು: ವೇಗ ಅರ್ಧವಾದರೆ 15 ಡೆಸಿಬೆಲ್ ಇಳಿತ. 2300ರಿಂದ 1500ಕ್ಕೆ ಇಳಿಸಿದರೆ ಫ್ಯಾನೊಂದರಲ್ಲೇ 9 ಡೆಸಿಬೆಲ್ ಹೋಯಿತು. ಕವಾಟಗಳ ಬಡಿತವೂ ತಗ್ಗುತ್ತದೆ, ಬಿಸಿಯೂ. ಪುಲ್ಲಿ ಬದಲಿಸಿದರೂ ಇದೇ ಫಲ, ಖರ್ಚು ಇನ್ನೂ ಕಡಿಮೆ. ಸಿಲಿಂಡರಿಗೆ 17 ನಿಮಿಷದ ಬದಲು 27 ನಿಮಿಷ ಹಿಡಿಯುತ್ತದೆ, ನಿಜ. ಅಷ್ಟು ಹೊತ್ತು ಹೆಚ್ಚು ಕೇಳಬೇಕಲ್ಲ ಎಂದು ಆಕ್ಷೇಪಿಸುವವರು ಲೆಕ್ಕ ಹಾಕಲಿ: ಸಮಯ ಅಷ್ಟು ಹೆಚ್ಚಿದ್ದನ್ನು ಸರಿದೂಗಿಸಲು 2 ಡೆಸಿಬೆಲ್ ಇಳಿತ ಸಾಕು, ಮಿಕ್ಕದ್ದೆಲ್ಲ ಲಾಭ. ಆದರೆ ಇಳಿಸುವುದಕ್ಕೂ ಮಿತಿಯಿದೆ. ಇಂಥ ಸಣ್ಣ ಬ್ಲಾಕುಗಳಲ್ಲಿ ಕನೆಕ್ಟಿಂಗ್ ರಾಡ್ ಎಣ್ಣೆಯನ್ನು ಎರಚಿಯೇ ಒಳಭಾಗಗಳನ್ನು ನೆನೆಸುವುದು. ತೀರ ನಿಧಾನವಾದರೆ ಎರಚಲು ಮೇಲೆ ಮುಟ್ಟುವುದಿಲ್ಲ, ಫ್ಲೈವೀಲಿನ ಫ್ಯಾನೂ ಸಾಕಷ್ಟು ಬೀಸುವುದಿಲ್ಲ. ಕಂಪನಿ ಹೇಳಿದ ಕನಿಷ್ಠ ಸುತ್ತಿಗಿಂತ ಕೆಳಗೆ ಹೋಗಕೂಡದು.

ಹೀಗೆ ಹುಟ್ಟುವಲ್ಲೇ ಸದ್ದನ್ನು ತಗ್ಗಿಸಿದ ಮೇಲೂ ಉಳಿಯುವುದಕ್ಕೆ ಯಾರೂ ಹೊಗಳದ ಕೆಲವು ಉಪಾಯಗಳಿವೆ. ದೂರ. ಬಯಲಿನಲ್ಲಿ ದೂರ ಎರಡರಷ್ಟಾದಂತೆಲ್ಲ 6 ಡೆಸಿಬೆಲ್ ಇಳಿಯುತ್ತದೆ. 3 ಮೀಟರಿನಲ್ಲಿದ್ದ ಯಂತ್ರ 24 ಮೀಟರಿಗೆ ಹೋದರೆ 18. ತೂತುಗಳಿರುವ ಪ್ಲೈವುಡ್ ಪೆಟ್ಟಿಗೆಯ 13ಕ್ಕೆ ಹೋಲಿಸಿ. ಯಂತ್ರ ಹಿತ್ತಿಲ ತುದಿಯಲ್ಲಿರಲಿ, ಅಲ್ಲಿಂದ ಹೈ ಪ್ರೆಶರ್ ಸ್ಟೀಲ್ ಟ್ಯೂಬು ಎಳೆದು ತುಂಬಿಸುವ ಜಾಗವನ್ನು ಅಂಗಡಿಯಲ್ಲಿ ಇಟ್ಟುಕೊಳ್ಳಿ. ಬ್ಲಾಕಿನ ಬಳಿಗೆ ಆಗಾಗ ಹೋಗಿ ಕಿವಿಗೊಡುವ ಅಭ್ಯಾಸವನ್ನು ಮಾತ್ರ ಬಿಡಬೇಡಿ. ಹಿತ್ತಿಲಲ್ಲಿ ಗೂಡು ಬೇಕಾದರೆ ಚಿರೆಕಲ್ಲಿದೆ. 18 ಮಿಲಿಮೀಟರ್ ಪ್ಲೈವುಡ್ಡಿನ ಭಾರ ಚದರ ಮೀಟರಿಗೆ ಹನ್ನೆರಡು ಕಿಲೋ ಮುಟ್ಟುವುದು ಕಷ್ಟ, ಎಂಟಂಗುಲದ ಚಿರೆಕಲ್ಲಿನ ಗೋಡೆಯದು 300 ಕಿಲೋಗೂ ಹೆಚ್ಚು. ಸದ್ದು, ಅದರಲ್ಲೂ ತಗ್ಗಿನ ಸದ್ದು, ಹೆದರುವುದು ಭಾರಕ್ಕೆ. ಅಂಥ ಗೂಡಿಗೆ ಮಾಡು ಬಿಸಿ ಹೋಗುವಷ್ಟು ಎತ್ತರವಿರಲಿ, ತೆರವು ಕಡಲಿನ ಕಡೆಗಿರಲಿ, ಗಾಳಿ ಎಳೆಯುವ ಪೈಪು ಮಾಡಿನ ಮೇಲಕ್ಕೆ ಏರಲಿ. ಆ ಪೈಪಿನ ಉದ್ದ ಎರಡೂಕಾಲು ಮೀಟರ್ ಆಗದಂತೆ ನೋಡಿಕೊಳ್ಳಬೇಕು: 2300 ಸುತ್ತಿನ ಯಂತ್ರಕ್ಕೆ ಅದು ಅಲೆಯ ಸರಿಯಾಗಿ ಕಾಲುಭಾಗ, ಪೈಪೇ ಕೊಳಲಾಗಿ ಗುಡುಗತೊಡಗುತ್ತದೆ. ವೇಗ ಬದಲಿಸಿದರೆ ತಪ್ಪಿಸಬೇಕಾದ ಉದ್ದವೂ ಬದಲಾಗುತ್ತದೆ.

ಯಂತ್ರದ ಕಾಲಿಗೆ ರಬ್ಬರ್ ಹಾಕುವುದು ಎಲ್ಲರೂ ಮಾಡುವ ಕೆಲಸ, ಹೆಚ್ಚಿನವರು ಗಟ್ಟಿ ರಬ್ಬರ್ ಹಾಕಿ ಸಮಾಧಾನಪಟ್ಟುಕೊಳ್ಳುತ್ತಾರೆ. ಯಂತ್ರದ ಭಾರಕ್ಕೆ ಒಂದೂವರೆ ಮಿಲಿಮೀಟರಾದರೂ ಕುಸಿಯದ ರಬ್ಬರು 38 ಹರ್ಟ್ಸಿನ ನಡುಕವನ್ನು ನೆಲಕ್ಕೆ ಹೋಗದಂತೆ ಸರಿಯಾಗಿ ತಡೆಯಲಾರದು. ವೇಗ ಇಳಿಸಿದವರಿಗೆ ಇನ್ನೂ ಮೆದುವಾದದ್ದು ಬೇಕು. ಯಂತ್ರದಿಂದ ಹೊರಡುವ ಮೊದಲ ತುಂಡು ಪೈಪು ಬಳುಕುವ ಹೋಸ್ ಆಗಿರದಿದ್ದರೆ ಆ ರಬ್ಬರೂ ದಂಡ. ಕಡೆಯದಾಗಿ ನೀರು ಬಿಡುವ ಸದ್ದು. ಹತ್ತು ಹದಿನೈದು ನಿಮಿಷಕ್ಕೊಮ್ಮೆ ಡ್ರೈನ್ ತೆರೆದಾಗ ಬರುವ ಆ ‘ಫಟ್–ಸುಯ್’ ಇದೆಯಲ್ಲ, ನೆರೆಯವರು ಬೆಚ್ಚಿ ಏಳುವುದು ಅದಕ್ಕೇ. ಅದನ್ನು ಹೋಸಿನಲ್ಲಿ ಒಯ್ದು, ಮೇಲೆ ಗಾಳಿಗೆ ದೊಡ್ಡ ತೂತಿರುವ, ಪಾತ್ರೆ ತಿಕ್ಕುವ ಸ್ಟೀಲ್ ನಾರು ತುಂಬಿದ ಹಳೆಯ ಕ್ಯಾನಿಗೆ ಬಿಟ್ಟರೆ ಬಹುಮಟ್ಟಿಗೆ ಅಡಗುತ್ತದೆ. ತೂತು ಸಣ್ಣದಾಗಿ ಕ್ಯಾನಿನಲ್ಲಿ ಒತ್ತಡ ಕಟ್ಟುವಂತಾಗಬಾರದು, ಅಷ್ಟೆ. ಪೆಟ್ಟಿಗೆಯ ಮೇಲೆ ಬಂದಿರುವ ಬರಹಗಳಲ್ಲಿ ಈ ಕ್ಯಾನಿಗೆ ಒಂದು ಸಾಲೂ ಮೀಸಲಾಗಿಲ್ಲ. ಫೋಮಿನಷ್ಟು ಚಂದ ಕಾಣುವುದಿಲ್ಲವೇನೋ.

ಈಗಾಗಲೇ ಪೆಟ್ಟಿಗೆ ಕಟ್ಟಿಕೊಂಡವರು ಅದನ್ನು ಒಡೆಯಬೇಕಾಗಿಲ್ಲ. ಒಂದು ಥರ್ಮಾಮೀಟರನ್ನು ಬ್ಲಾಕಿನ ಫ್ಯಾನು ಗಾಳಿ ಎಳೆಯುವಲ್ಲಿ, ಇನ್ನೊಂದನ್ನು ಪೆಟ್ಟಿಗೆಯ ಹೊರಗೆ ಇಟ್ಟು ಮೂರನೆಯ ಸಿಲಿಂಡರ್ ತುಂಬುವಾಗ ಓದಿಕೊಳ್ಳಿ. ವ್ಯತ್ಯಾಸ 10 ಡಿಗ್ರಿ ಮೀರಿದ್ದರೆ ಬಾಗಿಲು ತೆಗೆದೇ ಓಡಿಸಿ, ಫಿಲ್ಟರನ್ನು ಅವಧಿಗೆ ಮುನ್ನ ಬದಲಿಸಿ, ಪುಲ್ಲಿಯ ಬಗ್ಗೆ ಯೋಚಿಸಿ. ಇನ್ನೂ ಕಟ್ಟದವರು, ಕೈಯಲ್ಲಿರುವ ದುಡ್ಡು ಒಂದಕ್ಕೇ ಸಾಲುವುದಾದರೆ, ಪ್ಲೈವುಡ್ಡನ್ನು ಅಂಗಡಿಯಲ್ಲೇ ಬಿಟ್ಟು ಮೊದಲು ಕಾರ್ಬನ್ ಮೊನಾಕ್ಸೈಡ್ ಮೀಟರ್ ಕೊಂಡುಕೊಳ್ಳಿ.